ಅವ್ವನನ್ನು ಕರೆಯಲು ಬಂದವರು

ನಮ್ಮ ಅವ್ವ ಸಾವಂತ್ರೆವ್ವ ದೊಡ್ಡದೆಂದು ಹೇಳುವಂಥದ್ದು ಏನೂ ಮಾಡಲಿಲ್ಲ. ಹುಕ್ಕೇರಿಯ ಒಂದು ಲಿಂಗಾಯತರ ಮನೆಯಲ್ಲಿ ನಲವತ್ತು ವರ್ಷ ರೊಟ್ಟಿ ಬಡಿದಳು, ನಾಲ್ವರನ್ನು ಹೆತ್ತು ಇಬ್ಬರನ್ನು ಉಳಿಸಿಕೊಂಡಳು, ಅತ್ತೆಯ ಬಾಯಿಗೆ ಹೆದರಿದಳು, ಅಷ್ಟೆ. ಇಂಥವಳ ಬಗ್ಗೆ ಬರೆಯುವುದೇನಿದೆ ಎಂದು ನನ್ನ ತಮ್ಮ ಕೇಳುತ್ತಾನೆ. ಕೇಳಲಿ, ಅವನ ಬಾಯಿ ಅವನದು. ವರ್ಷದ ಮುನ್ನೂರೈವತ್ತೆಂಟು ದಿನ ಅವ್ವ ಅವನು ಹೇಳಿದಂಥ ಹೆಂಗಸೇ. ಉಳಿದ ಏಳು ದಿನದ ಅವ್ವನನ್ನು ಅವನು ನೋಡಿಲ್ಲ. ಅವನಿಗೆ ಬುದ್ಧಿ ಬರುವ ಹೊತ್ತಿಗೆ ಅವು ಮುಗಿದಿದ್ದವು. ನಾನು ನೋಡಿದ್ದೇನೆ.

ಆ ಏಳು ದಿನ ಬರುತ್ತಿದ್ದದ್ದು ಎಳ್ಳ ಅಮಾವಾಸ್ಯೆಯ ಸುತ್ತ, ಇಂಗ್ಲಿಷ್ ವರ್ಷ ಮುಗಿಯುವ ಹೊತ್ತಿಗೆ. ಹೊಲದಲ್ಲಿ ಬಿಳಿಜೋಳ ಹೊಡೆ ತುಂಬಿ ನಿಂತಿರುತ್ತದೆ. ಆಗ ಭೂಮಿತಾಯಿ ಬಸುರಿ ಎನ್ನುತ್ತಾರೆ ನಮ್ಮ ಕಡೆ. ಬಸುರಿಗೆ ಬಯಕೆಯ ಊಟ ಬೇಡವೇ? ಮನೆಮಂದಿಯೆಲ್ಲ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ, ಬೆಳೆಯ ನಡುವೆ ಚೆಲ್ಲುತ್ತ ಹೊಲ ಸುತ್ತುತ್ತಾರೆ. ಅದೇ ಚರಗ. ನಮ್ಮ ಹುಕ್ಕೇರಿ ಮನೆಗೆ ಹೊಲ ಇರಲಿಲ್ಲ. ಅಪ್ಪ ದುಂಡಪ್ಪನದು ಬೆಲ್ಲದ ವ್ಯಾಪಾರ, ಅವನ ಕಾಲು ಯಾವಾಗಲೂ ಮೂಡಲಗಿಯ ದಾರಿಯ ಮೇಲೆ. ಹೊಲ ಇದ್ದದ್ದು ಅವ್ವನ ತವರು ಕೌಜಲಗಿಯಲ್ಲಿ.

ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ, ಬಿಸಿಲು ಇಳಿಯುವ ಹೊತ್ತಿಗೆ, ನಮ್ಮ ಓಣಿಯ ಬಾಯಿಯಲ್ಲಿ ಎತ್ತಿನ ಗೆಜ್ಜೆ ಕೇಳಿಸುತ್ತಿತ್ತು. ಅವ್ವನ ಅಣ್ಣ ಉದ್ದಪ್ಪ ಮಾವ ತಂಗಿಯನ್ನು ಕರೆಯಲು ಬಂದ ಎಂದು ಅರ್ಥ. ಹೆಣ್ಣಿಗೆ ತವರೂರಿನ ನಾಯಿ ಬಂದರೂ ಆನಂದ ಎನ್ನುತ್ತಾರಲ್ಲ, ಇನ್ನು ಅಣ್ಣ ಬಂದರೆ ಹೇಳಬೇಕೆ? ಆದರೆ ಮಾವ ನೇರ ಒಳಗೆ ನುಗ್ಗುವಂತಿಲ್ಲ. ಹೊಸ್ತಿಲ ಹೊರಗೆ ನಿಂತು ಕಾಲಿಗೆ ನೀರು ಇಸಿದುಕೊಂಡು, ತಂದ ಬುತ್ತಿಯ ಗಂಟನ್ನೂ ಒಂದು ಕುಪ್ಪಸದ ಖಣವನ್ನೂ ಮುಂದಿಟ್ಟು, "ಹೆಣ್ಣ ಕಳಿಸಿಕೊಡ್ರಿ" ಎಂದು ಮೂರು ಸಲ ಕೇಳಬೇಕು. ಮೊದಲೆರಡು ಸಲ ಅತ್ತೆಯಾದವಳು ಒಲ್ಲೆ ಎನ್ನಬೇಕು. ಅದು ಬರೀ ಶಾಸ್ತ್ರ. ಆದರೆ ಅಪ್ಪನ ತಾಯಿ ಯಮನವ್ವ, ನಮ್ಮ ಆಯಿ, ಆ ಒಲ್ಲೆಯನ್ನು ಮನಸಾರೆ ಅನ್ನುತ್ತಿದ್ದಳು.

"ಏಳ ದಿನ ನನಗ ರೊಟ್ಟಿ ಯಾರು ಬಡೀಬೇಕೋ ಉದ್ದಪ್ಪಾ? ನೀ ಬಡೀತಿ ಏನು?"

"ಬಡೀತೇನ್ರಿ ಅತ್ತಿ. ಆದ್ರ ನಿಮಗ ತಿನ್ನಾಕ ಆಗೂದಿಲ್ಲ."

"ಇವನ ನಾಲಿಗಿ ನೋಡವಾ! ಒಯ್ಯೋ ಮಾರಾಯಾ, ಒಯ್ಯಿ. ವರ್ಷಾ ವರ್ಷಾ ಇದ ಗೋಳು ನಂದು. ಏ ಸಾವಂತ್ರಿ, ಹೋಗು, ಏಳ ದಿನದ ಮಹಾರಾಣಿ ಆಗಿ ಬಾ."

ಅವ್ವ ತಲೆ ತಗ್ಗಿಸಿ ಒಳಗೆ ಓಡುತ್ತಿದ್ದಳು. ಅವಳ ಗಂಟು ಎರಡು ದಿನದ ಹಿಂದೆಯೇ ಕಟ್ಟಿ ಇಟ್ಟಿರುತ್ತಿತ್ತು.

ಒಂದು ದಿನ ಎತ್ತುಗಳಿಗೆ ದಣಿವಾರಿಸಿ, ಮರುದಿನ ಕೋಳಿ ಕೂಗುವ ಮೊದಲೇ ಹೊರಡುತ್ತಿದ್ದೆವು. ಬಂಡಿಯಲ್ಲಿ ಹುಲ್ಲು ಹರಡಿ, ಮೇಲೆ ಕೌದಿ ಹಾಸಿ, ಇನ್ನೊಂದು ಕೌದಿ ಹೊದಿಸಿ ನನ್ನನ್ನು ಮಲಗಿಸುತ್ತಿದ್ದರು. ಅರ್ಧ ನಿದ್ದೆ, ಅರ್ಧ ಎಚ್ಚರ. ಗೆಜ್ಜೆಯ ಸದ್ದು ಒಮ್ಮೆ ಕಿವಿಯ ಹತ್ತಿರ, ಒಮ್ಮೆ ಎಲ್ಲೋ ದೂರ. ಅಣ್ಣ ತಂಗಿ ಮಾತಾಡುವುದು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಕಣ್ಣು ತೆರೆದರೆ ಎರಡೂ ಕಡೆ ಮಂಜು, ಮಂಜಿನ ಮೇಲೆ ಜೋಳದ ತುದಿಗಳು ಮಾತ್ರ. ಬಂಡಿ ಮುಂದೆ ಹೋಗುತ್ತಿದೆಯೋ ಹೊಲವೇ ಹಿಂದೆ ಸರಿಯುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಈಗಲೂ ನಿದ್ದೆ ಬಾರದ ದಿನ ನಾನು ಆ ಬಂಡಿಯಲ್ಲಿ ಹೋಗಿ ಮಲಗುತ್ತೇನೆ.

ಹೊತ್ತು ಇಳಿಮುಖವಾದಾಗ ಗೋಕಾಕದ ಜಲಪಾತ ಸಿಗುತ್ತಿತ್ತು. ಆ ದಿನಗಳಲ್ಲಿ ಮಳೆಗಾಲದ ಕೆಂಪು ನೀರಿನ ಆರ್ಭಟ ಇರುವುದಿಲ್ಲ. ಬಂಡೆಯ ಮೇಲಿಂದ ನಾಲ್ಕೈದು ಬಿಳಿಯ ಎಳೆಗಳು ನಿಧಾನ ಇಳಿಯುತ್ತಿರುತ್ತವೆ. ಗಾಳಿ ಬಂದರೆ ಆ ಎಳೆಗಳೂ ನೆಲ ಮುಟ್ಟದೆ ಚೆದುರಿ ಹೋಗುತ್ತವೆ. ಮಾವ ಎತ್ತು ಬಿಚ್ಚಿ ಮೇವು ಹಾಕುವಷ್ಟರಲ್ಲಿ ಅವ್ವ ತೂಗುಸೇತುವೆಯ ಮೇಲೆ ಇರುತ್ತಿದ್ದಳು. "ಅಣ್ಣಾ, ಓಡೂಣೇನು?" ಎಂದು ಕೂಗಿ ಉತ್ತರಕ್ಕೂ ಕಾಯದೆ ಓಡುತ್ತಿದ್ದಳು. ಸೇತುವೆ ತೂಗುತ್ತಿತ್ತು, ಅವ್ವನ ಸೆರಗು ಜಾರುತ್ತಿತ್ತು, ಅವ್ವ ನಗುತ್ತಿದ್ದಳು. ಹುಕ್ಕೇರಿಯಲ್ಲಿ ಅವ್ವ ನಕ್ಕರೆ ಹಲ್ಲು ಕಾಣುತ್ತಿರಲಿಲ್ಲ. ಅವಳಿಗೆ ಬಲಗಡೆ ಒಂದು ಹಲ್ಲು ಇಲ್ಲವೆಂದು ನನಗೆ ಗೊತ್ತಾದದ್ದೇ ಆ ಸೇತುವೆಯ ಮೇಲೆ. ಎಷ್ಟು ಚೆಂದ ಕಾಣುತ್ತಿದ್ದಳು ನಮ್ಮವ್ವ, ಅಯ್ಯೋ!

ರಾತ್ರಿ ಗೋಕಾಕದ ಒಂದು ಮಠದ ಪಡಸಾಲೆಯಲ್ಲಿ ತಂಗಿ, ಮರುದಿನ ಕೌಜಲಗಿ. ಅದರ ಮರುದಿನವೇ ಚರಗ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿ ಪಲ್ಯ, ಎಣ್ಣೆಗಾಯಿ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂಡಿಸಿ ಪೂಜೆ ಮಾಡುತ್ತಿದ್ದರು. ಮಾವ ಚರಗದ ಬುಟ್ಟಿ ಹೊತ್ತು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಜೋಳದೊಳಗೆ ನುಗ್ಗಿದರೆ, ಅವ್ವ ಚೆಂಬಿನ ನೀರು ಚಿಮುಕಿಸುತ್ತ "ಚಲ್ಲಂಬ್ರಿಗೋ" ಎಂದು ಹಿಂದೆ ಹೋಗುತ್ತಿದ್ದಳು. ಜೋಳ ಆಳೆತ್ತರ. ಅವರು ಕಾಣುತ್ತಿರಲಿಲ್ಲ, ಎರಡು ದನಿ ಮಾತ್ರ ಹೊಲದ ತುಂಬ ತಿರುಗುತ್ತಿದ್ದವು. ಅಷ್ಟಾದ ಮೇಲೆ ಮಾವ ನನ್ನನ್ನೂ ತನ್ನ ಎರಡು ಹೆಣ್ಣುಮಕ್ಕಳನ್ನೂ ಒಂದು ಜೋಳದ ದಂಟಿನ ಪಕ್ಕ ನಿಲ್ಲಿಸಿ, ಈ ವರ್ಷ ಎಷ್ಟನೆಯ ಗೆಣ್ಣಿನವರೆಗೆ ಬೆಳೆದಿದ್ದೇವೆ ಎಂದು ಎಣಿಸುತ್ತಿದ್ದ. ನಮ್ಮ ಹುಟ್ಟಿದ ದಿನ ಯಾರಿಗೆ ಗೊತ್ತಿತ್ತು? ನಮಗೆ ವರ್ಷ ತುಂಬುತ್ತಿದ್ದದ್ದು ಆ ಹೊಲದಲ್ಲಿ.

ಮೂವತ್ತೆಂಟನೆಯ ಇಸವಿಯ ಶ್ರಾವಣದಲ್ಲಿ ಮಾವನಿಗೆ ಜ್ವರ ಬಂತು. ಎಂಟನೆಯ ದಿನ ಹೋಗಿಬಿಟ್ಟ. ಸುದ್ದಿ ಬಂದಾಗ ಅವ್ವ ಉಟ್ಟ ಸೀರೆಯಲ್ಲೇ ಬಂಡಿ ಹತ್ತಿದಳು. ಸಾವಿಗೆ ಕರೆ ಬೇಕಿಲ್ಲ. ಆದರೆ ಹಬ್ಬಕ್ಕೆ ಕರೆ ಬೇಕೇ ಬೇಕು. ಕರೆಯದೆ ಹೋದ ಮಗಳಿಗೆ ತವರಿನಲ್ಲಿ ಮಾನ ಇಲ್ಲ. ಕೌಜಲಗಿಯಲ್ಲಿ ಈಗ ಉಳಿದವಳು ಮಾವನ ಹೆಂಡತಿ ಇಂದ್ರವ್ವ, ಅವಳ ಸಣ್ಣ ಮಕ್ಕಳಿಬ್ಬರು. ಕರೆಯಲು ಬರುವ ಗಂಡುಮಗ ಒಬ್ಬನೂ ಇಲ್ಲ.

ದೀಪಾವಳಿ ಮುಗಿಯಿತು, ಇಂದ್ರವ್ವನಿಂದ ಒಂದು ಮಾತೂ ಬರಲಿಲ್ಲ. ಅವ್ವ ಒಲೆಯ ಮುಂದೆ ಕೂತು ಅಪ್ಪನಿಗೆ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

"ಈ ಅಮಾಸಿಗೆ ಯಾರೂ ಕರೀಲಿಲ್ಲಂದ್ರ ನನಗ ತವರು ತೀರಿತು ನೋಡ್ರಿ. ಒಂದ ಸಲ ತಪ್ಪಿದ್ರ ಮುಂದ ಯಾರ ಕರೀತಾರ?"

"ನಾ ಕರಕೊಂಡು ಹೋಗ್ತೇನಿ, ನಡಿ," ಎಂದ ಅಪ್ಪ. ಪಾಪ, ಒಳ್ಳೆಯ ಮನುಷ್ಯ.

"ಏ, ಬಿಡ್ರಿ! ಗಂಡ ತಾನ ಕರಕೊಂಡು ಬಂದ್ರ ಮಂದಿ ಏನಂದಾರು? ಹೆಂಡ್ತೀನ ಬಿಟ್ಟು ಹೋಗಾಕ ಬಂದಾನ ಅಂತಾರ."

ಅದು ಖರೆಯೇ. ನಮ್ಮ ಕಡೆ ಗಂಡ ಹೆಂಡತಿಯನ್ನು ಕರೆಯಿಲ್ಲದೆ ತವರಿಗೆ ತಂದರೆ, ಅದಕ್ಕೆ ಒಂದೇ ಅರ್ಥ. ಆಯಿ ಪಡಸಾಲೆಯಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದಳು. ಅವ್ವನಿಗೆ ಅಂದು ಅಷ್ಟು ದುಃಖ ಆಗಿತ್ತು, ಆಯಿ ಒಂದು ಬೈಗುಳ ಬೈದಿದ್ದರೂ ಹಗುರಾಗುತ್ತಿತ್ತೇನೋ.

ಅಮಾವಾಸ್ಯೆಗೆ ಒಂಬತ್ತು ದಿನ ಇರುವಾಗ ಆಯಿ ಗಂಟು ಕಟ್ಟಿದಳು. ಅಪ್ಪ ಮೂಡಲಗಿಗೆ ಹೊರಟಿದ್ದ, ತಾನೂ ಅಲ್ಲಿ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದಳು. ನಮ್ಮ ಬಂಡಿ ಹೊಡೆಯುವ ಮುದುಕ ಶಿದ್ರಾಮ ಎತ್ತು ಹೂಡಿದ. ನನಗೆ ಮೈಯೆಲ್ಲ ಉರಿಯಿತು. ಸೊಸೆ ಕಣ್ಣೀರು ಹಾಕುವಾಗ ಈ ಮುದುಕಿಗೆ ತಂಗಿಯ ಮನೆಯ ಹೋಳಿಗೆ ಬೇಕಾಯಿತಲ್ಲ ಎಂದು, ಬಂಡಿ ಓಣಿ ದಾಟುವವರೆಗೂ ಮನಸ್ಸಿನಲ್ಲೇ ಹಿಡಿಹಿಡಿ ಶಾಪ ಹಾಕಿದೆ. ನನಗೂ ಅವಳದೇ ನಾಲಿಗೆ ಬಂದಿದೆ, ಏನು ಮಾಡಲಿ?

ಆ ದಿನ ಬಂತು, ಮಾವ ಬರುತ್ತಿದ್ದ ದಿನ. ಅವ್ವ ಬೆಳಿಗ್ಗೆಯೇ ಅಂಗಳ ಸಾರಿಸಿದಳು. ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ ನಾಲ್ಕು ರೊಟ್ಟಿ ಹೆಚ್ಚು ಬಡಿದಳು. ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡಲು ಮೊರ ಹಿಡಿದಳು. ಮೊರದಲ್ಲಿ ಕಲ್ಲು ಇರಲಿಲ್ಲ, ಆದರೂ ಬೆರಳಾಡಿಸುತ್ತಲೇ ಇದ್ದಳು. ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿತು. ಎಲ್ಲಿಂದಲೋ ಬೆಲ್ಲ ಕಾಯಿಸುವ ವಾಸನೆ ಬರುತ್ತಿತ್ತು. ಅವ್ವ ಕಣ್ಣು ಮುಚ್ಚಿಕೊಂಡು ಸಣ್ಣಗೆ ತೂಗಾಡುತ್ತಿದ್ದಳು. ನಾನು ಅವಳ ತೊಡೆಗೆ ಒರಗಿದ್ದೆ, ಇಬ್ಬರೂ ಆ ಬಂಡಿಯಲ್ಲೇ ಇದ್ದಂತೆ ಅನಿಸುತ್ತಿತ್ತು.

ಆಮೇಲೆ ಗೆಜ್ಜೆ ಕೇಳಿಸಿತು.

ನಾನು ಕನಸು ಎಂದುಕೊಂಡೆ. ಅವ್ವನ ಕೈಯ ಮೊರ ಜಾರಿ ಜೋಳ ಚೆಲ್ಲಿತು. ಬಂಡಿ ನಮ್ಮ ಬಾಗಿಲ ಮುಂದೆಯೇ ನಿಂತಿತು. ಶಿದ್ರಾಮನ ಬಂಡಿ, ನಮ್ಮದೇ ಎತ್ತು. ಆಯಿ ಸೊಂಟ ಹಿಡಿದುಕೊಂಡು ಇಳಿದಳು. ತಲೆತುಂಬ ಕೆಂಪು ಧೂಳು. ಕಂಕುಳಲ್ಲಿ ಒಂದು ಗಂಟು.

"ಬಂದ್ರ್ಯಾ ಅತ್ತ್ಯಾರ? ಬರ್ರಿ ಒಳಗ," ಎಂದು ಅವ್ವ ಎದ್ದಳು.

ಆಯಿ ಹೊಸ್ತಿಲ ಹೊರಗೇ ನಿಂತಳು. "ಯಾವ ಅತ್ತಿ? ನಾ ಕೌಜಲಗಿಯಿಂದ ಬಂದೇನಿ, ಹೆಣ್ಣ ಕರಿಯಾಕ. ಕಾಲಿಗೆ ನೀರ ಕೊಡ್ರಿ."

ಅವ್ವ ಒಳಗೆ ಹೋಗಿ ಚೆಂಬು ತಂದಳು. ಮನೆಯ ಯಜಮಾನಿ ತನ್ನದೇ ಬಾಗಿಲಲ್ಲಿ ಬೀಗರಂತೆ ನಿಂತು ಕಾಲು ತೊಳೆದುಕೊಂಡಳು. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು.

"ಇಂದ್ರವ್ವ ಕಳಿಸ್ಯಾಳ," ಎಂದು ಆಯಿ ಗಂಟು ಬಿಚ್ಚಿ ಖಣ ತೆಗೆದಳು. "ಯಾಕ ಕರೀಲಿಲ್ಲವಾ ಅಂತ ಕೇಳ್ದೆ. ಬರೀ ಹಣಿ ಹೊತ್ತು ಮುತ್ತೈದಿನ ಹ್ಯಾಂಗ ಕರೀಲಿ, ಅಪಶಕುನ ಆದೀತು ಅಂತ ಅಳಾಕತ್ತಿದ್ಳು. ಚರಗಾನೂ ಬಿಡಾಕಿದ್ಳು ಈ ವರ್ಷ. ನನ್ನ ಹಣಿ ನೋಡು ಅಂದೆ. ಇಪ್ಪತ್ತ ವರ್ಷಾತು, ಈಬತ್ತಿ ಬಿಟ್ರ ಇಲ್ಲೇನಿಲ್ಲ. ಕೊರಳಾಗ ಲಿಂಗ ಕಟ್ಟಿದವರಿಗೆ ಎಲ್ಲೀ ಅಪಶಕುನ? ಕೊಡು ಆ ಖಣ, ನಾ ಕರೀತೇನಿ ಅಂದೆ."

ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಅರವತ್ತೈದರ ಮುದುಕಿ, ತಂಗಿಯ ಮನೆಯ ನೆಪ ಹೇಳಿ, ಎರಡು ದಿನ ಕೌಜಲಗಿಗೆ ಹೋಗಿ, ಎರಡು ದಿನ ಬಂಡಿಯಲ್ಲಿ ಕುಲುಕಾಡಿಕೊಂಡು ತಿರುಗಿ ಬಂದಿದ್ದಳು. ನನ್ನ ಶಾಪಗಳನ್ನೆಲ್ಲ ನಾನು ಅಲ್ಲೇ ನುಂಗಿಕೊಂಡೆ.

"ಹೆಣ್ಣ ಕಳಿಸಿಕೊಡ್ರಿ," ಎಂದಳು ಆಯಿ.

"ಹೆಣ್ಣ ಕಳಿಸಿಕೊಡ್ರಿ." ಎರಡನೆಯ ಸಲ.

ಒಲ್ಲೆ ಎನ್ನಬೇಕಾದವಳು ಹೊರಗೆ ನಿಂತಿದ್ದಳು. ಪದ್ಧತಿ ಮುಂದೆ ಹೇಗೆ ಸಾಗಬೇಕೆಂದು ಓಣಿಯ ಹಿರಿಯರಿಗೂ ತಿಳಿಯಲಿಲ್ಲ. ಅವ್ವ ಚೆಂಬನ್ನು ಎದೆಗೆ ಅವುಚಿಕೊಂಡು, ಹದಿನಾರು ವರ್ಷದ ರೂಢಿಯಂತೆ, ತಲೆ ತಗ್ಗಿಸಿ ಹೇಳಿದಳು:

"ನಮ್ಮ ಅತ್ತ್ಯಾರನ್ನ ಕೇಳಬೇಕ್ರಿ."

"ಆಕೀನ ಏನ ಕೇಳ್ತಿ?" ಎಂದಳು ಆಯಿ. "ವರ್ಷಾ ವರ್ಷಾ ಒಲ್ಲೆ ಒಲ್ಲೆ ಅಂದ ಮುದುಕಿ. ಆಕಿ ಬಾಯಿ ನಾ ಮುಚ್ಚತೇನಿ. ನೀ ಗಂಟ ಕಟ್ಟು, ಮಗಳ."

ಅವ್ವ ಹೊಸ್ತಿಲು ದಾಟಿ ಬಂದು ಆಯಿಯ ಹೆಗಲ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. "ಸಾಕ ಬಿಡ, ಮಂದಿ ನೋಡಾಕತ್ತಾರ," ಎಂದು ಆಯಿ ಗದರಿದಳು, ಆದರೆ ಬೆನ್ನು ಸವರುವ ಕೈ ನಿಲ್ಲಿಸಲಿಲ್ಲ.

ಆ ವರ್ಷ ಚರಗದ ಬುಟ್ಟಿ ಹೊತ್ತವಳು ಅವ್ವ, ನೀರು ಚಿಮುಕಿಸಿದವಳು ಇಂದ್ರವ್ವ. ಅದಾದ ಮೇಲೆ ಆಯಿ ಇನ್ನೂ ಒಂಬತ್ತು ವರ್ಷ ಬದುಕಿದಳು. ಪ್ರತಿ ವರ್ಷವೂ ಎಳ್ಳ ಅಮಾವಾಸ್ಯೆಗೆ ಮೊದಲು ಕೌಜಲಗಿಗೆ ಹೋಗಿ, ಖಣ ಇಸಿದುಕೊಂಡು ಬಂದು, ಹುಕ್ಕೇರಿಯ ತನ್ನ ಮನೆಯ ಹೊಸ್ತಿಲ ಹೊರಗೆ ನಿಂತು ತನ್ನ ಸೊಸೆಯನ್ನು ತವರಿಗೆ ಕರೆಯುತ್ತಿದ್ದಳು.