ಹೆಬ್ಬೆರಳಿನ ವಕಾಲತ್ತು

ನಾನು ವಾದ ಮಾಡಿ ಅಪ್ಪನ ಮಾನ ಉಳಿಸಿದೆನೆಂದು ನಮ್ಮ ಬಳಗದಲ್ಲೆಲ್ಲ ಹೇಳುತ್ತಾರೆ. ಹೇಳುವವರಾರೂ ಕಥೆಯ ಎರಡನೆಯ ಅರ್ಧಕ್ಕೆ ಬರುವುದಿಲ್ಲ. ಅದರಲ್ಲಿ ನಾನೇ ಆರೋಪಿ.

ಶ್ರಾವಣದ ಒಂದು ಬೆಳಿಗ್ಗೆ ಅಪ್ಪನಿಗೆ ಬಲಗಾಲಿನ ಹೆಬ್ಬೆರಳನ್ನು ನೆಲಕ್ಕೆ ಊರಲಾಗಲಿಲ್ಲ. ಕೆಂಪಗೆ ಊದಿತ್ತು. ಹೊದಿಕೆ ತಾಗಿದರೂ ಚೀರುತ್ತಿದ್ದರು. ದಿನವೂ ಟಿಳಕವಾಡಿಯಿಂದ ರೈಲು ಹಿಡಿದು ಖಾನಾಪುರದ ಹಂಚಿನ ಕಾರ್ಖಾನೆಗೆ ಗುಮಾಸ್ತಿಕೆಗೆ ಹೋಗುವ ಮನುಷ್ಯ, ಒಂದೇ ಚಪ್ಪಲಿಯಲ್ಲಿ ದವಾಖಾನೆಗೆ ಬಂದರು. ಬ್ಲಡ್ ಟೆಸ್ಟ್ ಆಯಿತು. ಯೂರಿಕ್ ಆಸಿಡ್ ಏರಿತ್ತು. ಬಿ.ಪಿ. ಮೊದಲೇ ಇತ್ತು.

"ಎರಡೂ ಕೂಡಿದ್ರ ಕಿಡ್ನಿಗೆ ತ್ರಾಸರೀ, ಹುಷಾರ್" ಎಂದ ಡಾಕ್ಟರು, ಎಲ್ಲ ರೋಗಿಗಳಿಗೂ ಕೊಡುವ ಅಚ್ಚು ಹಾಕಿದ ಪಥ್ಯದ ಚೀಟಿ ಕೊಟ್ಟರು.

ಮಟನ್, ಕಲೀಜಾ, ಮೀನು, ಮದ್ಯ ಇವನ್ನು ಬಿಡತಕ್ಕದ್ದು.

ಕೊರಳಲ್ಲಿ ಲಿಂಗ ಕಟ್ಟಿದ ಮನೆ ನಮ್ಮದು. ತತ್ತಿ ಕೂಡ ಹೊಸ್ತಿಲು ದಾಟಿದ್ದಿಲ್ಲ. ಅವ್ವ ಚೀಟಿಯನ್ನು ಎರಡು ಸಲ ಓದಿದಳು. ಅವಳ ಪಾಲಿಗೆ ಅದು ಪಥ್ಯವಲ್ಲ, ಚಾರ್ಜ್‌ಶೀಟು.

"ತಿನ್ನದವರಿಗೆ ಬಿಡ್ರಿ ಅಂತ ಯಾರರ ಬರೀತಾರೇನು? ಖಾನಾಪುರದಾಗ ಮಧ್ಯಾಹ್ನ ಏನು ತಿಂತೀರಿ?"

"ನೀ ಕಟ್ಟಿಕೊಟ್ಟ ರೊಟ್ಟೀನ ತಿಂತೀನಿ, ನಮ್ಮವ್ವಾ!"

"ರೊಟ್ಟಿ ಜೋಡಿ ಏನು?"

ಅಪ್ಪ ಲಿಂಗ ಮುಟ್ಟಿ ಆಣೆ ಮಾಡಿದರು. "ಲಿಂಗ ಮುಟ್ಟಿ ಸುಳ್ಳು ಬ್ಯಾರೆ!" ಎಂದಳು. ಅಂದಿನಿಂದ ಅಪ್ಪನ ತಾಟು ಬೇರೆ, ಪೂಜೆಯ ನೀರನ್ನೂ ಅವರೇ ತುಂಬಿಕೊಳ್ಳಬೇಕು.

ನಾನು ಬಿ.ಎ. ಎರಡನೆಯ ವರ್ಷ, ಚರ್ಚಾಸ್ಪರ್ಧೆಯಲ್ಲಿ ಬಹುಮಾನದ ಢಾಲು ಗೆದ್ದವಳು. ಕೇಸು ಹಿಡಿದೆ. ಮೆಡಿಕಲ್ ಓದುವ ಗೆಳತಿಯ ಪುಸ್ತಕದಲ್ಲಿ ಸಾಕ್ಷಿ ಸಿಕ್ಕಿತು. ಮೂತ್ರ ಹೆಚ್ಚಿಸಿ ಬಿ.ಪಿ. ಇಳಿಸುವ ಕೆಲವು ಗುಳಿಗೆಗಳು ಯೂರಿಕ್ ಆಸಿಡ್ ಹೊರಹೋಗದಂತೆ ತಡೆಯುತ್ತವೆ. ಅಪ್ಪ ನುಂಗುತ್ತಿದ್ದುದು ಅಂಥದ್ದೇ.

"ಯವ್ವಾ, ಅಪರಾಧಿ ಅಪ್ಪ ಅಲ್ಲ, ಅವರ ಗುಳಿಗಿ!" ಅಡುಗೆಮನೆಯಲ್ಲಿ ನಿಂತು ಅರ್ಧ ತಾಸು ಮಂಡಿಸಿದೆ. ಸಂಜೆ ಅವ್ವ ಅಪ್ಪನ ರೊಟ್ಟಿಗೆ ತಾನೇ ತುಪ್ಪ ಸವರಿದಳು.

ಗೆದ್ದೆ.

ಅಪ್ಪ ಅಂದೇ ಗುಳಿಗೆ ಬಿಟ್ಟರು.

ಯಾರಿಗೂ ಹೇಳಲಿಲ್ಲ. ಎರಡು ವಾರದ ಮೇಲೆ ಪಕ್ಕದ ಮನೆಗೆ ಖಾನಾಪುರದಿಂದ ಟ್ರಂಕ್ ಕಾಲ್ ಬಂತು. ಕಾರ್ಖಾನೆಯಲ್ಲಿ ತಲೆ ತಿರುಗಿ ಬಿದ್ದಿದ್ದರು. ಮೂಗಿನಿಂದ ರಕ್ತ. ಅದೇ ದವಾಖಾನೆಗೆ ಕರೆತಂದೆವು. ಡಾಕ್ಟರು ಬಿ.ಪಿ. ನೋಡಿದರು, ನಂಬಲಾರದೆ ಮತ್ತೊಮ್ಮೆ ನೋಡಿದರು.

"ಗುಳಿಗಿ ಬಿಡಿಸಿದ ಶಾಣ್ಯಾ ಯಾರು?"

ಅವ್ವ ನನ್ನತ್ತ ಕೈ ಮಾಡಿದಳು.

"ನೀ ಓದಿದ್ದು ಖರೇನ ಐತಿ, ತಂಗಿ. ಆದ್ರ ಗುಳಿಗಿ ಬದಲಿ ಮಾಡೂದು ನನ್ನ ಕೆಲಸ. ಇನ್ನೊಂದೆರಡು ದಿನ ಬಿಟ್ಟಿದ್ರ ಲಕ್ವಾನ ಹೊಡೀತಿತ್ತು."

ಸ್ಪರ್ಧೆಯಲ್ಲಿ ಗಂಟೆ ಬಾರಿಸಿದರೆ ಮಾತು ಮುಗಿಯುತ್ತದೆ. ಮನೆಯಲ್ಲಿ ಆಡಿದ ಮಾತನ್ನು ಯಾರೋ ಒಬ್ಬರು ನುಂಗಬೇಕಾಗುತ್ತದೆ, ಇಲ್ಲವೇ ನುಂಗುತ್ತಿದ್ದುದನ್ನು ಬಿಡಬೇಕಾಗುತ್ತದೆ ಎಂಬುದು ನನಗೆ ಆಸ್ಪತ್ರೆಯ ಬೆಂಚಿನ ಮೇಲೆ ತಿಳಿಯಿತು.

ಗುಳಿಗೆ ಬದಲಾಗಿದೆ. ಯೂರಿಕ್ ಆಸಿಡ್ ಇಳಿಯುತ್ತಿದೆ, ಬಿ.ಪಿ. ಮಾತು ಕೇಳುತ್ತಿದೆ. ಅಷ್ಟಕ್ಕೆ ಡಾಕ್ಟರಿಗೆ ಶರಣು. ಈಗ ಅವ್ವ ಎದುರಿಗೆ ನಿಂತು ನುಂಗಿಸಿ, "ಆ ಅನ್ರಿ" ಎಂದು ಬಾಯಿ ತೆಗೆಸಿ ನೋಡುತ್ತಾಳೆ. ಅಪ್ಪ ಆರೋಪಮುಕ್ತರ ಗತ್ತಿನಲ್ಲಿ ತೆಗೆಯುತ್ತಾರೆ.

ಕಳೆದ ರವಿವಾರ ಅವ್ವ ಮಠಕ್ಕೆ ಹೋದಾಗ ಕೇಳಿಯೇಬಿಟ್ಟೆ.

"ಅಪ್ಪಾ, ಗುಳಿಗಿ ಬಿಟ್ಟಿದ್ದು ನನ್ನ ಮಾತು ನೀವು ನಂಬಿದ್ರಿ ಅಂತೋ, ಇಲ್ಲಾ ಅವ್ವ ನಿಮ್ಮನ್ನ ನಂಬಲಿ ಅಂತೋ?"