ಅರ್ಜಿ ಇಪ್ಪತ್ತೇಳರ ಭಾನುವಾರಗಳು

2021ರ ವಸಂತದಲ್ಲಿ ನಾನು ನೆದರ್‌ಲ್ಯಾಂಡ್ಸ್‌ನ ಎನ್ಸ್‌ಕೆಡೆಯಲ್ಲಿ, ಒಂದು ಖಾಸಗಿ ಸಂಶೋಧನಾಲಯದ ಗ್ಯಾಸ್ ಸುರಕ್ಷತಾ ಅಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಯಾವ ಸಿಲಿಂಡರ್ ಸೋರುತ್ತಿದೆ, ಯಾವ ಡಿಟೆಕ್ಟರ್ ಸುಳ್ಳು ಹೇಳುತ್ತಿದೆ, ಯಾವ ಮಹಾಶಯ ಅಲಾರಂ ಸದ್ದು ತಡೆಯಲಾರದೆ ಅದರ ಬ್ಯಾಟರಿ ಕಿತ್ತಿಟ್ಟಿದ್ದಾನೆ ಎಂದು ಹುಡುಕುವುದು. ಉಡುಪಿಯಿಂದ ಬಂದ ಮೇಲೆ ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದೆ. ಬಾಯಿ ಜೋರು, ಕಣ್ಣು ಚುರುಕು ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಬಾಯಿಯ ಮಾತು ನಿಜ. ಕಣ್ಣಿನ ಮಾತು ಎಷ್ಟು ನಿಜ ಎಂಬುದನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ನಮ್ಮಂಥ ನಾಲ್ಕೈದು ಪ್ರಯೋಗಾಲಯಗಳು ಸೇರಿ ಒಂದು ಸಣ್ಣ ಪ್ರತಿಷ್ಠಾನ ಮಾಡಿಕೊಂಡಿದ್ದವು. ಅದು ಪ್ರತಿ ಜುಲೈಯಲ್ಲಿ ಹೈಸ್ಕೂಲು ಮಕ್ಕಳಿಗೆ ಮೂರು ವಾರದ ವಿಜ್ಞಾನ ಸಂಶೋಧನಾ ಶಿಬಿರ ನಡೆಸುತ್ತಿತ್ತು. ಹನ್ನೆರಡು ಸೀಟು. ಅರ್ಜಿ ಹಾಕುವವರು ಮನೆಯಲ್ಲೋ ಶಾಲೆಯಲ್ಲೋ ತಾವೇ ಮಾಡಿದ ಒಂದು ಸಣ್ಣ ಪ್ರಯೋಗದ ವರದಿಯನ್ನು ಲಗತ್ತಿಸಬೇಕು. ಆ ವರ್ಷ ಶಾಲೆಗಳು ಅರ್ಧ ಮುಚ್ಚಿದ್ದವು, ಆದ್ದರಿಂದ ಪ್ರಯೋಗವೆಲ್ಲ ಮನೆಯಲ್ಲೇ. ಅರವತ್ತೊಂದು ಅರ್ಜಿ ಬಂದಿದ್ದವು. ಪ್ರತಿ ಅರ್ಜಿಯನ್ನು ಇಬ್ಬರು ಓದುತ್ತೇವೆ. ಹೆಸರು, ಊರು, ಶಾಲೆ ಯಾವುದೂ ಓದುವವರಿಗೆ ಕಾಣುವುದಿಲ್ಲ, ಬರೀ ಸಂಖ್ಯೆ. ಯಾರ ಮಗು, ಯಾವ ದೇಶದ ಮಗು ಎಂಬ ಪಕ್ಷಪಾತ ಬರಬಾರದೆಂದು ಈ ನಿಯಮ ಮಾಡಿದವರಲ್ಲಿ ನಾನೂ ಒಬ್ಬಳು.

ಇಪ್ಪತ್ತೇಳನೆಯ ಅರ್ಜಿಯನ್ನು ಓದಿದ್ದು ಏಪ್ರಿಲ್ ಮೊದಲ ವಾರದ ಬುಧವಾರ ಮಧ್ಯಾಹ್ನ. ಹೊರಗೆ ಹಿಮ ಬೀಳುತ್ತಿತ್ತು. ಆ ವರ್ಷ ಏಪ್ರಿಲ್ ಬಂದರೂ ಚಳಿ ಬಿಟ್ಟಿರಲಿಲ್ಲ. ವರದಿಯ ಶೀರ್ಷಿಕೆ, 'ಸಾಂಬ್ರಾಣಿ ಹೊಗೆಯಿಂದ ಮನೆಯೊಳಗಿನ ಗಾಳಿಯಲ್ಲಾಗುವ ಬದಲಾವಣೆ.' ಹೆಸರು ಮುಚ್ಚಿಟ್ಟರೇನು, ಸಾಂಬ್ರಾಣಿ ಮುಚ್ಚಿಡಲಾದೀತೇ? ನಮ್ಮ ಕಡೆಯ ಮಗುವೇ ಎಂದು ಗೊತ್ತಾಗಿ ನಕ್ಕೆ. ಯಾವುದೋ ಫ್ಲಾಟಿನಲ್ಲಿ ಪ್ರತಿ ಭಾನುವಾರ ಅಜ್ಜಿ ಎಲ್ಲರಿಗೂ ಎಣ್ಣೆ ಹಚ್ಚಿ ತಲೆಗೆ ಎರೆಯುತ್ತಾರೆ, ಕೂದಲಿಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡುತ್ತಾರೆ. ಮಗು ಅಗ್ಗದ ಸೆನ್ಸರ್‌ಗಳನ್ನು ಜೋಡಿಸಿ ಹಜಾರದಲ್ಲಿಟ್ಟು ನಾಲ್ಕು ಭಾನುವಾರ ಅಳೆದಿದೆ. ಅದರಲ್ಲಿ ಒಂದು ಸೆನ್ಸರ್ ಕಾರ್ಬನ್ ಮೊನಾಕ್ಸೈಡ್‌ನದು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿಗೆ ಗಾಳಿ ಸಾಲದಿದ್ದಾಗ ಹುಟ್ಟುತ್ತದೆ. ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ, ಬೇಗ ಏಳುವುದಿಲ್ಲ. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಏನೂ ಇಲ್ಲ. ಇದನ್ನು ನಾನು ವರ್ಷಕ್ಕೆ ಹತ್ತು ಸಲ ತರಗತಿಯಲ್ಲಿ ಹೇಳುತ್ತಿದ್ದೆ.

ಆ ಮಗುವಿನ ನಕ್ಷೆಯಲ್ಲಿ ರೇಖೆ ಭಾನುವಾರ ಬೆಳಿಗ್ಗೆ ಏರಿ, ಮೂರನೆಯ ವಾರ ತೊಂಬತ್ತು ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ತೊಂಬತ್ತು ಪಾಲು ಮುಟ್ಟಿತ್ತು. ನಾಲ್ಕನೆಯ ವಾರ ನೂರ ನಲವತ್ತು. ಕೆಳಗೆ ಟಿಪ್ಪಣಿ: 'ವ್ಯಕ್ತಿ ಎ, 71 ವರ್ಷ, ನಾಲ್ಕೂ ವಾರ ತಲೆನೋವು. ವ್ಯಕ್ತಿ ಬಿ, 44 ವರ್ಷ, ಎರಡು ವಾರ ವಾಕರಿಕೆ.' ಕೆಂಡ ಉರಿದರೆ ಈ ಅನಿಲ ಬರುವುದು ಸಹಜ. ಅಗ್ಗದ ಸೆನ್ಸರ್ ಹೆಚ್ಚಿಗೆ ತೋರಿಸುವುದೂ ಸಹಜ. 'ವಿಧಾನ ಚೆನ್ನಾಗಿದೆ. ಸಾಂಬ್ರಾಣಿ ಇಲ್ಲದ ಒಂದು ಭಾನುವಾರವನ್ನೂ ಅಳೆಯಬೇಕಿತ್ತು. ಹತ್ತಕ್ಕೆ ಏಳು' ಎಂದು ಬರೆದು, ಚಹಾ ಮಾಡಿಕೊಂಡು, ಇಪ್ಪತ್ತೆಂಟನೆಯದನ್ನು ತೆಗೆದೆ. ಟಿಪ್ಪಣಿ ಎಷ್ಟು ಶಿಸ್ತಾಗಿದೆ ಎಂದು ಮೆಚ್ಚಿಕೊಂಡದ್ದೂ ನೆನಪಿದೆ.

ಮುಂದಿನ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ವಿಡಿಯೋ ಸಭೆ. ಮಾರನೆಯ ದಿನ ಯುಗಾದಿ. ಸಭೆಯಲ್ಲಿ ಮೂವರೇ: ನಾನು, ಎರಡನೆಯ ಓದುಗ ಮಾರ್ಟೈನ್, ಪ್ರತಿಷ್ಠಾನದ ಸಂಯೋಜಕಿ ಎಲ್ಸ್. ಮಾರ್ಟೈನ್ ನಿವೃತ್ತ ಭೌತಶಾಸ್ತ್ರ ಮೇಷ್ಟ್ರು. ಪ್ರಶ್ನೆ ಕೇಳಲು ಶುರುಮಾಡಿದರೆ ಪ್ರಾಣ ತಿನ್ನುವ ಮನುಷ್ಯ. ಅವತ್ತೂ ಹಾಗೇ ಶುರುಮಾಡಿದ.

"ಶಶಿ, ಈ ಎಣ್ಣೆ ಸ್ನಾನ ಅಂದರೆ ಏನು? ನನಗೆ ಒಂದೂ ಅರ್ಥವಾಗಲಿಲ್ಲ."

ನಾನು ಹೆಮ್ಮೆಯಿಂದಲೇ ವಿವರಿಸಿದೆ. ಮೊದಲು ನೆತ್ತಿಗೆ, ಮೈಗೆ ಎಣ್ಣೆ ತಿಕ್ಕಿ ಸ್ವಲ್ಪ ಹೊತ್ತು ನೆನೆಯಲು ಬಿಡುವುದು. ಆಮೇಲೆ ಸುಡುಸುಡು ನೀರು ಹೊಯ್ದು ಸೀಗೆಪುಡಿಯಲ್ಲಿ ಜಿಡ್ಡು ಬಿಡಿಸುವುದು. ಅದಕ್ಕೆ ನೀರು ಜಾಸ್ತಿ, ಹೊತ್ತೂ ಜಾಸ್ತಿ. ಮನೆಮಂದಿಯೆಲ್ಲ ಎರೆದುಕೊಂಡು ಮುಗಿಸುವಾಗ ಒಂದೂವರೆ ಗಂಟೆಯಾದರೂ ಬೇಕು. ಕಡೆಗೆ ಒದ್ದೆ ಕೂದಲಿಗೆ ಸಾಂಬ್ರಾಣಿ.

"ಕಡೆಗೆ?" ಎಂದ ಮಾರ್ಟೈನ್. "ಸಾಂಬ್ರಾಣಿ ಹಚ್ಚಿದ್ದು ಹತ್ತೂವರೆಗೆ ಅಂತ ಬರೆದಿದೆ. ರೇಖೆ ಒಂಬತ್ತಕ್ಕೇ ಏರುತ್ತಿದೆಯಲ್ಲ?"

ನಕ್ಷೆ ತೆರೆಯ ಮೇಲೆ ಇತ್ತು. ಒಂಬತ್ತಕ್ಕೆ ಏರಲು ಶುರು, ಹತ್ತೂಕಾಲಿಗೆ ತುದಿ, ಸಾಂಬ್ರಾಣಿ ಹಚ್ಚಿದ ಮೇಲೆ ಇಳಿಕೆ. ನಾಲ್ಕೂ ವಾರ ಹಾಗೇ. ಅನಿಲ ಬರುತ್ತಿದ್ದುದು ಕೆಂಡದಿಂದಲ್ಲ, ನೀರು ಕಾಯಿಸುವ ಬೆಂಕಿಯಿಂದ. ಇಲ್ಲಿನ ಹಳೆಯ ಫ್ಲಾಟ್‌ಗಳಲ್ಲಿ ಇನ್ನೂ ಕೆಲವು ಕಡೆ ಬಾತ್‌ರೂಮಿನ ಗೋಡೆಗೇ ಗ್ಯಾಸ್ ಗೀಸರ್ ಇರುತ್ತದೆ. ನಲ್ಲಿ ತಿರುಗಿಸಿದರೆ ಉರಿ ಹೊತ್ತಿಕೊಳ್ಳುತ್ತದೆ. ಡಚ್ಚರ ಐದು ನಿಮಿಷದ ಸ್ನಾನಕ್ಕೆ ಅದು ಹೇಗೋ ನಡೆಯುತ್ತದೆ. ಒಂದೂವರೆ ಗಂಟೆ ಬಿಡದೆ ಉರಿದರೆ, ಗಾಳಿ ಬರುವ ದಾರಿಯೂ ಮುಚ್ಚಿದ್ದರೆ, ಅದು ಮನೆಮಂದಿಯನ್ನು ಕೊಲ್ಲುತ್ತದೆ. ಸೆನ್ಸರ್ ಇದ್ದದ್ದು ಹಜಾರದಲ್ಲಿ. ಹಜಾರದಲ್ಲೇ ನೂರ ನಲವತ್ತು ಎಂದರೆ ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಎಷ್ಟು? ಮಾರನೆಯ ದಿನ ಯುಗಾದಿ. ಆ ಮನೆಯಲ್ಲಿ ಬೆಳಗಾಗುವ ಮೊದಲೇ ಎಲ್ಲರೂ ಎಣ್ಣೆ ಹಚ್ಚಿಕೊಂಡು ಸರದಿಯಲ್ಲಿ ಕೂರುತ್ತಾರೆ. ಕ್ಯಾಲೆಂಡರ್ ನೋಡದೆಯೂ ನನಗದು ಗೊತ್ತಿತ್ತು, ನನ್ನ ಮನೆಯಲ್ಲೂ ಎಣ್ಣೆ ಕಾಯಿಸಿಟ್ಟಾಗಿತ್ತು.

"ಎಲ್ಸ್, ಇಪ್ಪತ್ತೇಳರ ಫೋನ್ ನಂಬರ್ ಕೊಡು" ಎಂದೆ.

ಎಲ್ಸ್ ಒಳ್ಳೆಯ ಹುಡುಗಿ, ಆದರೆ ನಿಯಮ ಎಂದರೆ ನಿಯಮ. ಈ ಹಂತದಲ್ಲಿ ಹೆಸರು ಬಿಡುವಂತಿಲ್ಲ, ಖಾಸಗಿ ಮಾಹಿತಿಯ ಕಾನೂನು ಇದೆ, ಲಿಖಿತವಾಗಿ ಕೇಳಿದರೆ ಎರಡು ಕೆಲಸದ ದಿನದಲ್ಲಿ ಉತ್ತರ ಬರುತ್ತದೆ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. "ನಾಳೆ ಬೆಳಿಗ್ಗೆ ಆ ಮನೆಯವರು ಸತ್ತರೆ ಉತ್ತರವನ್ನು ಯಾರಿಗೆ ಕಳಿಸುತ್ತೀ?" ಎಂದು ಕಿರುಚಿದೆ. ಎಲ್ಸ್ ಕ್ಯಾಮೆರಾ ಆರಿಸಿದಳು. ಒಂದು ನಿಮಿಷದ ಮೇಲೆ ಮಾತಿಲ್ಲದೆ ತೆರೆಯ ಮೂಲೆಯಲ್ಲಿ ಒಂದು ನಂಬರ್, ಒಂದು ಹೆಸರು ಬಂತು. ಸ್ಫೂರ್ತಿ, ಹದಿನಾರು ವರ್ಷ, ಊರು ಡೀಮೆನ್.

ಎರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ಎತ್ತಿದಳು, ಆನ್‌ಲೈನ್ ಕ್ಲಾಸಿನ ನಡುವೆ, ಪಿಸುದನಿಯಲ್ಲಿ ಡಚ್ಚಿನಲ್ಲಿ. ನಾನು ನೇರ ಕನ್ನಡದಲ್ಲೇ ಕೇಳಿದೆ.

"ಸ್ಫೂರ್ತಿ, ನಿಮ್ಮ ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದೆಯಾ?"

"ಹ್ಞೂ, ಇದೆ. ವೈ? ಹೂ ಈಸ್ ದಿಸ್?"

"ಈಗ ಉರೀತಾ ಇದೆಯಾ?"

ಅವಳ ಉತ್ತರಕ್ಕೆ ಮೊದಲೇ ಹಿಂದೆ ನೀರು ಬೀಳುವ ಸದ್ದು ನನಗೆ ಕೇಳಿಸಿತ್ತು. ವಿಜ್ಞಾನ ಶಿಬಿರದ ಕಡೆಯವಳು ಎಂದೆ, ಅಷ್ಟರಲ್ಲಿ ಫೋನು ತಾಯಿಯ ಕೈಗೆ ಹೋಯಿತು. ಮೈಸೂರಿನ ಮಾತು, ಅನುಮಾನದ ದನಿ.

"ಯಾರ್ರೀ ನೀವು? ಮಗಳಿಗೆ ಸೀಟ್ ಕೊಡಲ್ಲ ಅಂತ ಹೇಳೋಕೆ ಮಾಡಿದ್ರಾ?"

"ಸೀಟಿನ ಮಾತು ಆಮೇಲೆ ಅಮ್ಮ. ಬಾತ್‌ರೂಮಲ್ಲಿ ಯಾರಿದ್ದಾರೆ?"

"ಅತ್ತೆ. ನಿನ್ನೆ ಎರಕೊಂಡಾಗಿಂದ ಮಂಕಾಗಿದಾರೆ, ವಾಂತಿ ಬೇರೆ. ಪಕ್ಕದ ಮನೇಲಿ ಕೋವಿಡ್ ಬಂದಿತ್ತಲ್ಲ, ಅದೇ ಇರಬೇಕು. ಡಾಕ್ಟ್ರಿಗೆ ಫೋನ್ ಮಾಡಿದ್ರೆ ಪ್ಯಾರಾಸಿಟಮಾಲ್ ಕೊಟ್ಟು ಮನೇಲೇ ಇರಿ ಅಂದ್ರು. ಮೈಕೈ ನೋವಿಗೆ ಬಿಸಿನೀರು ಹುಯ್ಕೊಳ್ತೀನಿ ಅಂತ ಹೋಗಿದಾರೆ."

"ಬಾತ್‌ರೂಮಿನ ಗಾಳಿಕಿಂಡಿ ತೆರೆದಿದೆಯಾ?"

"ಇಲ್ಲ. ಆ ಕಿಂಡಿಯಿಂದ ಪಕ್ಕದ ಮನೆ ಗಾಳಿ ಬರತ್ತೆ ಅಂತ ನಾವೇ ಪ್ಲಾಸ್ಟಿಕ್ ಹಾಕಿ ಟೇಪ್ ಹಚ್ಚಿದೀವಿ. ಫೆಬ್ರವರಿಲೇ."

ಆಮೇಲೆ ನಾನು ಆಡಿದ್ದು ಮಾತಲ್ಲ, ಅಪ್ಪಣೆ. ಬಾಗಿಲು ತೆಗೆಯಿರಿ, ನಲ್ಲಿ ನಿಲ್ಲಿಸಿ, ಅವರನ್ನು ಎಳೆದುಕೊಂಡಾದರೂ ಹೊರಗಿನ ಗ್ಯಾಲರಿಗೆ ತನ್ನಿ, ಮಗಳಿಗೆ ತುರ್ತು ನಂಬರ್ 112ಕ್ಕೆ ಕರೆ ಮಾಡಲು ಹೇಳಿ, ಗ್ಯಾಸ್ ಎಂದೇ ಹೇಳಲಿ, ಕೋವಿಡ್ ಎಂದು ಹೇಳಬೇಡಿ. ಆ ತಾಯಿ ವಾದ ಮಾಡಲಿಲ್ಲ. ಫೋನು ನೆಲಕ್ಕೆ ಬಿತ್ತು. ಬಾಗಿಲು ಬಡಿಯುವುದು ಕೇಳಿತು, "ಅತ್ತೆ, ಅತ್ತೆ, ಚಿಲಕ ತೆಗೀರಿ" ಎಂದು ಕೂಗುವುದು ಕೇಳಿತು. ಒಳಗಿನಿಂದ ಉತ್ತರ ಬರಲಿಲ್ಲ. ನೀರಿನ ಸದ್ದು ಮಾತ್ರ ಒಂದೇ ಸಮ ಬರುತ್ತಿತ್ತು. ಆಮೇಲೆ ಏನೋ ಮುರಿದ ಸದ್ದು. ನಾನು ನೂರೈವತ್ತು ಕಿಲೋಮೀಟರ್ ದೂರದಲ್ಲಿ ಫೋನು ಕಿವಿಗೊತ್ತಿಕೊಂಡು ನಿಂತಿದ್ದೆ. ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ.

ಅಗ್ನಿಶಾಮಕ ದಳದವರು ಬಂದು ಮೀಟರ್ ಹಿಡಿದಾಗ, ಬಾಗಿಲು ತೆಗೆದು ಅಷ್ಟು ಹೊತ್ತಾಗಿದ್ದರೂ ಬಾತ್‌ರೂಮಿನಲ್ಲಿ ಮುನ್ನೂರರ ಮೇಲೆ ತೋರಿಸಿತಂತೆ. ಗೀಸರ್ ವರ್ಷಗಳಿಂದ ಸರ್ವಿಸ್ ಆಗಿರಲಿಲ್ಲ, ಕೊಳವೆಯಲ್ಲಿ ಮಸಿ ಕಟ್ಟಿತ್ತು. ತಾಯಿಗೂ ಮಗಳಿಗೂ ಕೆಲವು ಗಂಟೆ ಆಮ್ಲಜನಕ ಕೊಟ್ಟು ಕಳಿಸಿದರು. ತಂದೆ ಕೆಲಸಕ್ಕೆ ಹೋಗಿದ್ದರು. ಅಜ್ಜಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ನಡೆದುಕೊಂಡೇ ಮನೆಗೆ ಬಂದರು. ತಾಯಿ ಫೋನಿನಲ್ಲಿ ಅತ್ತರು. "ದೇವರ ಹಾಗೆ ಬಂದ್ರಿ ಮೇಡಂ" ಎಂದರು. ನಾನು ಆ ಮಾತನ್ನು ಸ್ವೀಕರಿಸಿದೆ. ಹೌದು, ಸ್ವೀಕರಿಸಿದೆ. ಬುಧವಾರದ ಸಂಗತಿಯನ್ನು ಹೇಳಲಿಲ್ಲ.

ಈ ಅನಿಲಕ್ಕೆ ಇನ್ನೊಂದು ಕೆಟ್ಟ ಬುದ್ಧಿ ಇದೆ. ಬಿಟ್ಟುಹೋದ ಹಾಗೆ ಕಂಡು ಕೆಲವು ವಾರದ ಮೇಲೆ ಮಿದುಳಿನಲ್ಲಿ ತನ್ನ ಕೆಲಸ ತೋರಿಸುತ್ತದೆ. ಮೇ ಮಧ್ಯದಲ್ಲಿ ಅಜ್ಜಿ ಒಲೆಯ ಮುಂದೆ ನಿಂತು, ಏನು ಮಾಡಲು ಬಂದೆ ಎಂದು ಕೇಳತೊಡಗಿದರು. ಜೂನ್ ಹೊತ್ತಿಗೆ ಮೊಮ್ಮಗಳನ್ನು ಯಾರೋ ಬಾಡಿಗೆಯವರ ಹುಡುಗಿ ಎಂದುಕೊಂಡು 'ನೀವು' ಎಂದು ಮರ್ಯಾದೆಯಿಂದ ಮಾತಾಡಿಸುತ್ತಿದ್ದರು. ಯಾವ ದಿನದ ವಿಷ ಇದನ್ನು ಮಾಡಿತು ಎಂದು ತಂದೆ ಕೇಳಿದ್ದಕ್ಕೆ, ಅದನ್ನು ಬೇರೆ ಮಾಡಿ ಹೇಳಲಾಗದು, ಆದರೆ ಕಡೆಯ ಆ ಎರಡು ದಿನ, ಭಾನುವಾರ ಸೋಮವಾರ, ಇಲ್ಲದಿದ್ದರೆ ಪರಿಸ್ಥಿತಿ ಖಂಡಿತ ಬೇರೆಯಾಗುತ್ತಿತ್ತು ಎಂದರಂತೆ ವೈದ್ಯರು.

ಆ ಮನೆಯವರೊಡನೆ ಮಾತಾಡಿಬಿಟ್ಟಿದ್ದರಿಂದ ನಾನು ಆಯ್ಕೆ ಸಮಿತಿಯಿಂದ ಹೊರಬಂದಿದ್ದೆ. ನನ್ನ ಜಾಗಕ್ಕೆ ಬಂದ ಹೊಸ ಓದುಗರೂ ಮಾರ್ಟೈನನೂ ಸೇರಿ ಸ್ಫೂರ್ತಿಗೆ ಸೀಟು ಕೊಟ್ಟರು. ಜುಲೈಯಲ್ಲಿ ಅವಳು ಮಾಸ್ಕ್ ಹಾಕಿಕೊಂಡು ಎನ್ಸ್‌ಕೆಡೆಗೆ ಬಂದಳು. ಮೊದಲ ದಿನ ಎಲ್ಲ ಮಕ್ಕಳಿಗೂ ಸುರಕ್ಷತಾ ತರಗತಿ ತೆಗೆದುಕೊಳ್ಳುವವಳು ನಾನೇ. ಕಾರ್ಬನ್ ಮೊನಾಕ್ಸೈಡ್‌ನ ಪುಟ ಬಂದಾಗ ಅವಳ ಕಡೆ ನೋಡದೆ ಓದಿ ಮುಗಿಸಿದೆ. ತರಗತಿ ಮುಗಿದ ಮೇಲೆ ಎಲ್ಲರೂ ಹೋದರು, ಅವಳು ನಿಂತಳು. ತೆಳ್ಳಗಿನ ಹುಡುಗಿ, ಕಣ್ಣು ಮಾತ್ರ ಕಾಣುತ್ತಿತ್ತು.

"ಆಂಟಿ, ಮೇ ಐ ಆಸ್ಕ್ ಸಮ್‌ಥಿಂಗ್? ನನ್ನ ಅಪ್ಲಿಕೇಶನ್ ಫಸ್ಟ್ ಟೈಮ್ ನೀವು ಯಾವತ್ತು ಓದಿದ್ದು?"

ಸೋಮವಾರ ಎಂದುಬಿಡಬಹುದಿತ್ತು. ಅವಳಿಗೆ ತಿಳಿಯುವ ದಾರಿಯಿರಲಿಲ್ಲ. ನನ್ನ ನಾಲಿಗೆಯ ತುದಿಯವರೆಗೂ ಅದು ಬಂದಿತ್ತು.

"ಬುಧವಾರ" ಎಂದೆ. "ನಕ್ಷೆಯನ್ನೂ ನೋಡಿದೆ, ಅಜ್ಜಿಯ ತಲೆನೋವನ್ನೂ ಓದಿದೆ. ಏಳು ಅಂಕ ಕೊಟ್ಟು ಪಕ್ಕಕ್ಕಿಟ್ಟೆ. ತಪ್ಪು ನನ್ನದು ಸ್ಫೂರ್ತಿ."

ಅವಳು ಹೆಗಲ ಬ್ಯಾಗನ್ನು ಮೇಜಿನ ಮೇಲಿಟ್ಟಳು.

"ನಾನೂ ನೋಡ್ತಾನೇ ಇದ್ದೆ ಆಂಟಿ, ಪ್ರತಿ ವೀಕ್. ಅಜ್ಜಿಗೆ ತಲೆನೋವು ಅಂದಾಗ ನಂಗೆ ಖುಷಿ ಆಗಿತ್ತು. ಡೇಟಾ ಸಿಕ್ತು ಅಂತ."

ನಾನು ಮೇಜು ಸುತ್ತಿ ಬಂದು ಅವಳನ್ನು ಅಪ್ಪಿಕೊಂಡೆ. ಒಂದೂವರೆ ಮೀಟರ್ ಅಂತರದ ನಿಯಮ ಗೋಡೆಯ ಮೇಲೆ ಬರೆದಿತ್ತು, ಬರೆಸಿದವಳೂ ನಾನೇ. ಇಬ್ಬರೂ ಅತ್ತೆವು.

ನಿವೃತ್ತಳಾಗುವ ಮುಂಚೆ ಪ್ರತಿಷ್ಠಾನದ ಅಂಕಪಟ್ಟಿಯ ತಲೆಯಲ್ಲಿ ಒಂದು ಪ್ರಶ್ನೆ ಸೇರಿಸಿದೆ: 'ಈ ಅಳತೆ ತೆಗೆದ ಜಾಗದಲ್ಲಿ ಯಾರಾದರೂ ವಾಸವಿದ್ದಾರೆಯೇ? ಅವರು ಕ್ಷೇಮವೇ?' ಅದಕ್ಕೆ ಉತ್ತರ ಬರೆಯದೆ ಮುಂದಿನ ಪುಟ ತೆರೆಯುವುದಿಲ್ಲ. ಅನುಮಾನ ಬಂದರೆ ಅವತ್ತೇ ಫೋನು ಮಾಡಬೇಕು, ನಂಬರನ್ನು ಕೇಳಿದ ಕೂಡಲೇ ಕೊಡಬೇಕು. ಇಪ್ಪತ್ತಾರು ವರ್ಷ ಗ್ಯಾಸಿನ ಪಾಠ ಹೇಳಿದವಳಿಗೆ ಈ ಕೆಲಸ ಕೊಟ್ಟ ಪಾಠ ಅಷ್ಟೇ. ಈ ಯುಗಾದಿಗೆ ಸ್ಫೂರ್ತಿ ಫೋನು ಮಾಡಿ, ಅಜ್ಜಿಯ ಕೈಗೆ ಕೊಟ್ಟಳು. "ನೀವು ಯಾರ ಪೈಕಿ?" ಎಂದು ಅವರು ಬಹಳ ವಿನಯದಿಂದ ಕೇಳಿದರು. ಉಡುಪಿ ಕಡೆಯವಳು ಎಂದೆ, ಕ್ಷೇಮವೇ ಎಂದು ಕೇಳಿದೆ.