ಬೆಳೆ ಇಟ್ಟಾಗೆಲ್ಲ ತಪ್ಪುತ್ತಿದ್ದ ಸ್ಕೂಲು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಜಂಗಮಕೋಟೆಯ ಹತ್ತಿರ ರೇಷ್ಮೆಹುಳು ಸಾಕುವ ಮನೆಗೆ ಸೊಸೆಯಾಗಿ ಬಂದ ಮೇಲಂತೂ ಆ ಗುಣ ಇನ್ನೂ ಗಟ್ಟಿಯಾಯಿತು.

ಮಗಳು ಆಗ ಒಂಬತ್ತನೇ ಕ್ಲಾಸು. ಆಸ್ತಮಾ. ಚಿಕ್ಕಬಳ್ಳಾಪುರದ ಡಾಕ್ಟರು ದಿನಾ ಬೆಳಿಗ್ಗೆ ಸಂಜೆ ಬಾಯಲ್ಲಿಟ್ಟು ಔಷಧಿ ಎಳೆದುಕೊಳ್ಳಲು ಪಂಪು ಕೊಟ್ಟು, ಹುಳುಮನೆಗೆ ಕಾಲಿಡಕೂಡದು ಎಂದಿದ್ದರು. ಅದಾದ ಮೇಲೆ ಚೆನ್ನಾಗಿಯೇ ಸ್ಕೂಲಿಗೆ ಹೋಗುತ್ತಿದ್ದಳು. ಆದರೆ ಪ್ರತಿ ಸಲ ಹೊಸ ಬೆಳೆಗೆ ಹುಳು ತಂದ ಸ್ವಲ್ಪ ದಿನಕ್ಕೇ ಉಬ್ಬಸ ಏರಿ ಮನೆಯಲ್ಲಿ ಕೂರುತ್ತಿದ್ದಳು.

ಅವಳ ಟೀಚರ್ ನನ್ನನ್ನು ಕರೆಸಿದರು. “ನಿಜ ಹೇಳಿಮ್ಮ, ಹುಳಕ್ಕೆ ಸೊಪ್ಪು ಕುಯ್ಯಕ್ಕೆ ಮನೇಲಿ ಇಟ್ಕೋತೀರ ತಾನೆ? ಹಾಜರಿ ಸಾಲದೆ ಹೋದ್ರೆ ಹತ್ತಕ್ಕೆ ಕಳ್ಸಕ್ಕಾಗಲ್ಲ.” ನನಗೆ ಮೈಯೆಲ್ಲ ಉರಿದುಹೋಯಿತು. ಮಗಳ ಕೈಗೆ ಒಂದು ಎಲೆ ಮುಟ್ಟಿಸಿದವಳಲ್ಲ ನಾನು!

ಮೆಡಿಕಲ್ ಶಾಪಿನವನು ಡೂಪ್ಲಿಕೇಟ್ ಪಂಪು ಕೊಟ್ಟಿರಬೇಕು ಎಂದುಕೊಂಡು ಅದನ್ನೇ ಡಾಕ್ಟರ ಮುಂದಿಟ್ಟೆ. ಅವರು ತಿರುಗಿಸಿ ನೋಡಿದರು. “ಪಂಪು ಸರಿಯಾಗೇ ಇದೆ. ದಿನಾ ಎಳ್ಕೊಂಡಿದ್ರೆ ಇಷ್ಟೊತ್ತಿಗೆ ಖಾಲಿ ಆಗ್ಬೇಕಿತ್ತಲ್ಲ?”

ಬಸ್ಸಿನಲ್ಲಿ ಬರುವಾಗಲೇ ನನಗೆ ಕಳ್ಳರು ಸಿಕ್ಕಿಬಿಟ್ಟಿದ್ದರು. ನಮ್ಮತ್ತೆ! ಹುಳುವಿಗೆ ವಾಸನೆ ಆಗದು ಎಂದು ಬೆಳೆ ಇಟ್ಟಾಗ ಊದುಬತ್ತಿ ಹಚ್ಚಲು ಬಿಡದವರು. ಸೆಂಟು ಹಾಕಿಕೊಂಡು ಬಂದ ನನ್ನ ತಮ್ಮನನ್ನು ಬೀದಿಯಲ್ಲೇ ನಿಲ್ಲಿಸಿದವರು. ಮೊದಲ ದಿನ ಪಂಪನ್ನು ಮೂಸಿ, “ಇದು ಹುಳುಗೆ ಆಗುತ್ತೇನೇ?” ಎಂದು ಕೇಳಿದವರೂ ಅವರೇ.

ಚಪ್ಪಲಿ ಬಿಡುವ ಮೊದಲೇ ಕೇಳಿದೆ. “ಅತ್ತೆ, ಪಂಪು ಬಚ್ಚಿಡ್ತಿದ್ರಾ? ಮೊಮ್ಮಗಳಿಗಿಂತ ಹುಳ ಹೆಚ್ಚಾಯ್ತಾ?”

ಅತ್ತೆ ಸೊಪ್ಪಿನ ಮಂಕರಿ ಕೆಳಗಿಟ್ಟರು. ಉತ್ತರ ಬಂದದ್ದು ನನ್ನ ಹಿಂದಿನಿಂದ.

“ಅಜ್ಜಿ ಏನೂ ಮಾಡಿಲ್ಲಮ್ಮ,” ಎಂದಳು ಮಗಳು. “ಹುಳ ಇರೋವಾಗ ನಾನೇ ಎಳ್ಕೋತಿರ್ಲಿಲ್ಲ. ಪಂಪಿನ ಗಾಳಿಗೆ ಬೆಳೆ ಹೋದ್ರೆ ಎಲ್ರೂ ಏನ್ಮಾಡ್ತೀವಿ? ನಂಗಾದ್ರೆ ಸ್ಕೂಲ್ ತಾನೆ ಹೋಗೋದು.”

“ಅಯ್ಯೋ ನಾ ತಲ್ಲಿ, ನನ್ ತಾಯಿ,” ಎಂದು ಅತ್ತೆ ಅವಳ ಕೆನ್ನೆ ಹಿಡಿದರು. ಆಮೇಲೆ ಹುಳುಮನೆಗೆ ಹೋಗಿ ಒಂದು ಸಣ್ಣ ತಟ್ಟೆಯಲ್ಲಿ ಸೊಪ್ಪಿನ ಸಮೇತ ನಾಲ್ಕಾರು ಹುಳು ತಂದು ಪಡಸಾಲೆಯಲ್ಲಿ ಇಟ್ಟರು. “ಇವುಗಳ ಮುಂದೇ ಎಳ್ಕೋ ಕಣೇ. ಸತ್ರೆ ಸಾಯ್ಲಿ, ಬೆಳೆ ಅಷ್ಟನ್ನೂ ತಿಪ್ಪೆಗೆ ಸುರೀತೀನಿ.”

ಹುಳು ಸಾಯಲಿಲ್ಲ. ಆಮೇಲಿನ ಬೆಳೆಗಳಲ್ಲಿ ಅವಳು ಪಂಪು ಬಿಡಲಿಲ್ಲ. ಉಬ್ಬಸಕ್ಕೆಂದು ಮನೆಯಲ್ಲಿ ಕೂರುವುದು ನಿಂತಿತು, ಹತ್ತಕ್ಕೂ ಹೋದಳು. ಟೀಚರ್ ಈಗಲೂ ನನ್ನನ್ನು ಅನುಮಾನದಿಂದಲೇ ನೋಡುತ್ತಾರೆ, ನೋಡಲಿ. ನನ್ನನ್ನು ಚುಚ್ಚುವುದು ಆ ಸಂಜೆ. ಮಗಳು ಕಣ್ಣು ಮುಚ್ಚಿ ಪಂಪು ಒತ್ತಿ ಉಸಿರು ಎಳೆದಳು. ಅತ್ತೆ ಅವಳ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದರು. ಹುಳು ಮೇಯುತ್ತಿವೆಯೋ ಇಲ್ಲವೋ ಎಂದು ತಟ್ಟೆಯೊಳಕ್ಕೆ ಬಗ್ಗಿ ನೋಡಿದವಳು ನಾನೊಬ್ಬಳೇ.